ಫಾರ್ಮಸಿಸ್ಟರ ನೋಂದಣಿಯ ನವೀಕರಣ: ತಿಳಿದಿರಬೇಕಾದ ನಾಲ್ಕು ಮಾತು

ಔಷಧಿ ಅಂಗಡಿಗಳಲ್ಲಿ ದುಡಿಯುವ ನಮ್ಮ ತರುಣರು ಅನೇಕರಿದ್ದಾರೆ. ಗೋಡೆಯ ಮೇಲೆ ಪ್ರಮಾಣಪತ್ರ ಇರುವ ತನಕ ತಮ್ಮ ನೋಂದಣಿಯೂ ಇರುತ್ತದೆಂದು ಅವರಲ್ಲಿ ಕೆಲವರು ನಂಬಿದ್ದಾರೆ. ಇದು ತಪ್ಪು.

ಮೊದಲನೆಯದು: 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮಿನಂತೆ, ಡಾಕ್ಟರರ ಚೀಟಿಯ ಮೇಲೆ ಔಷಧಿ ಕೊಡುವ ಅಧಿಕಾರ ನೋಂದಾಯಿತ ಫಾರ್ಮಸಿಸ್ಟನದು. ನೋಂದಾಯಿತನೆಂದರೆ ರಾಜ್ಯ ಫಾರ್ಮಸಿ ಕೌನ್ಸಿಲಿನ ಪಟ್ಟಿಯಲ್ಲಿ ಹೆಸರುಳ್ಳವನು. ರಾಜ್ಯ ಸರಕಾರವು ಆಜ್ಞೆ ಹೊರಡಿಸಿದಲ್ಲಿ, 34ನೆಯ ಕಲಮಿನಂತೆ, ನವೀಕರಣ ಶುಲ್ಕವನ್ನು ಆಯಾ ವರ್ಷದ ಎಪ್ರಿಲ್ 1ಕ್ಕೆ ಮುಂಚೆ ಕಟ್ಟತಕ್ಕದ್ದು. ಕಟ್ಟದಿದ್ದರೆ ರಿಜಿಸ್ಟ್ರಾರರು ಹೆಸರನ್ನು ತೆಗೆದುಹಾಕುತ್ತಾರೆ. ಕಟ್ಟಿದ ರಶೀದಿಯೇ ನವೀಕರಣದ ರುಜುವಾತು. 2015ರ ನಿಯಮಗಳ ಪ್ರಕಾರ ಐದು ವರ್ಷಗಳಲ್ಲಿ ಒಂದೊಂದು ದಿನದ ಎರಡು ಪುನರಭ್ಯಾಸ ವರ್ಗಗಳಿಗೂ ಹಾಜರಾಗಬೇಕು.

ಎರಡನೆಯದು: ಅಂಗಡಿಯ ಲೈಸೆನ್ಸ್ ಬೇರೆ, ನಿಮ್ಮ ನೋಂದಣಿ ಬೇರೆ. ಅಂಗಡಿಯ ಲೈಸೆನ್ಸಿಗೆ ಮಾಲಿಕರು ಐದು ವರ್ಷಕ್ಕೊಮ್ಮೆ ಹಣ ಕಟ್ಟುತ್ತಾರೆ. ಅದರಿಂದ ನಿಮ್ಮ ಹೆಸರು ಉಳಿಯುವುದಿಲ್ಲ.

ಮೂರನೆಯದು: ಕರ್ನಾಟಕದಲ್ಲಿ ನೋಂದಾಯಿಸಿ ಮುಂಬಯಿಗೆ ಬಂದವರು 32ನೆಯ ಕಲಮಿನಂತೆ ಇಲ್ಲಿಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಆದರೆ ಊರಿನ ನೋಂದಣಿ ಜೀವಂತವಾಗಿರಬೇಕು. ಖೋಲಿ ಬದಲಿಸಿದಾಗ ಕೌನ್ಸಿಲಿಗೆ ಹೊಸ ವಿಳಾಸ ತಿಳಿಸಿರಿ. ಇಲ್ಲವಾದರೆ ಕಾಗದಗಳು ಹಳೆಯ ಬಾಗಿಲಿಗೇ ಹೋಗುತ್ತವೆ.

ನಾಲ್ಕನೆಯದು: ತಪ್ಪಿದರೆ ಮುಚ್ಚಿಡಬೇಡಿರಿ. ನಮ್ಮ ವಾಚನಾಲಯಕ್ಕೆ ಬರುವ ಒಬ್ಬ ತರುಣನಿಗೆ ಹೊಸ ಅಂಗಡಿಯಲ್ಲಿ ಹೆಚ್ಚು ಸಂಬಳದ ಕೆಲಸ ಗೊತ್ತಾಗಿತ್ತು. ಅವರು ರಶೀದಿ ಕೇಳಿದರು. ಮಾಲಿಕರು ಕಟ್ಟುವ ಹಣದಲ್ಲಿ ತನ್ನದೂ ಸೇರಿದೆ ಎಂದುಕೊಂಡಿದ್ದ ಅವನ ಬಳಿ ರಶೀದಿ ಇರಲಿಲ್ಲ. ನಾಚಿಕೆಯಿಂದ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಆ ಕೆಲಸ ಬೇರೆಯವನ ಪಾಲಾಯಿತು. ಕೊನೆಗೆ ಇಲ್ಲಿ ಕುಳಿತು ಅರ್ಜಿ ಬರೆದೆವು. ಹೆಸರು ಮರಳಿ ಪಟ್ಟಿಗೆ ಸೇರಿತು. ತೆಗೆದ ಹೆಸರನ್ನು ನಿಯಮದಂತೆ ಮತ್ತೆ ಸೇರಿಸಿಕೊಳ್ಳಲು ಕಾಯಿದೆಯಲ್ಲೇ ಆಸ್ಪದವಿದೆ. ಎರಡು ತಿಂಗಳ ಹಿಂದೆಯೇ ಬಂದಿದ್ದರೆ ಆ ಕೆಲಸವೂ ಉಳಿಯುತ್ತಿತ್ತೇನೋ!

ಶುಲ್ಕವೆಷ್ಟು, ಅವಧಿಯೆಷ್ಟು ಎಂಬುದನ್ನು ನಿಮ್ಮ ರಾಜ್ಯದ ಕೌನ್ಸಿಲಿನಲ್ಲೇ ಕೇಳಿರಿ; ಗೆಳೆಯರ ಮಾತಿನ ಮೇಲೆ ನಿಲ್ಲಬೇಡಿರಿ. ಇಂದು ರಾತ್ರಿಯೇ ಟ್ರಂಕು ತೆರೆದು ಕೊನೆಯ ರಶೀದಿಯ ತಾರೀಖು ನೋಡಿರಿ. ಅರ್ಜಿ ತುಂಬಲು ನೆರವು ಬೇಕಾದವರು ಸಂಕೋಚಪಡದೆ ವಾಚನಾಲಯಕ್ಕೆ ಬರಬಹುದು.