ಕಿಂಡಲ್‌ಗೆ ಪುಸ್ತಕ ತುಂಬುವ ಮುನ್ನ

ಕಿಂಡಲ್‌ನಲ್ಲೇ ಹೆಚ್ಚು ಓದುವವನು ನಾನು. ಪುಸ್ತಕಗಳನ್ನು ಓರಣ ಮಾಡುವ ಕೆಲಸವೆಲ್ಲ ಕಂಪ್ಯೂಟರಿನಲ್ಲೇ ಮುಗಿಯಬೇಕು ಎಂಬುದು ನನಗೆ ಖಾತ್ರಿಯಾಗಿದೆ. ಆರಿಂಚಿನ ಆ ನಿಧಾನದ ಪರದೆ ಓದುವುದಕ್ಕೆ ಲಾಯಕ್ಕು, ಕಚೇರಿ ಕೆಲಸಕ್ಕಲ್ಲ.

1. ಮೊದಲು ಕ್ಯಾಲಿಬರ್ ಹಾಕಿಕೊಳ್ಳಿ. ಇ-ಪುಸ್ತಕಗಳನ್ನು ಓರಣವಾಗಿಡಲು ಕೋವಿದ್ ಗೋಯಲ್ 2006ರಲ್ಲಿ ಶುರುಮಾಡಿದ ಈ ತಂತ್ರಾಂಶ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಸೇರಿಸಿದ ಪ್ರತಿ ಪುಸ್ತಕವನ್ನೂ ಅದು ತನ್ನ ಫೋಲ್ಡರಿಗೆ ನಕಲು ಮಾಡಿಕೊಳ್ಳುತ್ತದೆ. ಅಲ್ಲಿ ಕನ್ನಡದ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ವಿಕಾರವಾಗಿ ಕಾಣುತ್ತವೆ. ಕಂಡರೂ ಕೈಹಾಕಬೇಡಿ. ಹೆಸರು ತಿದ್ದುವುದಿದ್ದರೆ ಕ್ಯಾಲಿಬರ್ ಒಳಗಿನಿಂದಲೇ ತಿದ್ದಿ.

2. ಲೇಖಕರ ಹೆಸರಿಗೆ ಒಂದು ಭಾನುವಾರ ಎತ್ತಿಡಿ. ಭೈರಪ್ಪನವರು ಪಟ್ಟಿಯಲ್ಲಿ ಮೂವರಾಗಿ ಕೂತಿರುತ್ತಾರೆ: ಕನ್ನಡದಲ್ಲೊಬ್ಬರು, ಇಂಗ್ಲಿಷಿನ ಎರಡು ಸ್ಪೆಲ್ಲಿಂಗಿನಲ್ಲಿ ಇನ್ನಿಬ್ಬರು. ‘ಮ್ಯಾನೇಜ್ ಆಥರ್ಸ್’ಗೆ ಹೋಗಿ ಮೂವರಿಗೂ ಒಂದೇ ಹೆಸರು ಕೊಟ್ಟರೆ ಒಬ್ಬರಾಗುತ್ತಾರೆ. ಇದಕ್ಕಿಂತ ತೊಡಕಿನದು ಅಕಾರಾದಿ. ಕ್ಯಾಲಿಬರ್ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತಂದು ಜೋಡಿಸುತ್ತದೆ. ‘ಭೈರಪ್ಪ, ಎಸ್.ಎಲ್.’ ಎಂದಾದರೆ ನಮಗೂ ಅನುಕೂಲವೇ. ಆದರೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ‘ಅ’ಕಾರಕ್ಕೆ ಹೋಗಿ ಕೂರುತ್ತಾರೆ. ಮಾಸ್ತಿಯವರನ್ನು ಅಲ್ಲಿ ಯಾವ ಕನ್ನಡಿಗ ಹುಡುಕಿಯಾನು? ‘ಆಥರ್ ಸಾರ್ಟ್’ ಎಂಬ ಖಾನೆಯಲ್ಲಿ ಕೈಯಾರೆ ‘ಮಾಸ್ತಿ’ ಎಂದೇ ಬರೆಯಿರಿ. ತೇಜಸ್ವಿಯವರ ಮಿಲೆನಿಯಂ ಮಾಲೆಯಂಥವಕ್ಕೆ ‘ಸೀರೀಸ್’ ಖಾನೆಯಲ್ಲಿ ಮಾಲೆಯ ಹೆಸರು, ಭಾಗದ ಸಂಖ್ಯೆ ಎರಡನ್ನೂ ತುಂಬಿ.

3. ಟ್ಯಾಗ್ ಕಡಿಮೆಯಿರಲಿ. ಕಾದಂಬರಿ, ಕಥೆ, ಕವಿತೆ, ಪ್ರಬಂಧ, ಇತಿಹಾಸ ಎಂದರೆ ಮುಕ್ಕಾಲು ಪಾಲು ಮುಗಿಯಿತು. ಒಂದೇ ಪುಸ್ತಕಕ್ಕೆ ಅಂಟಿದ ಟ್ಯಾಗ್ ಕಿತ್ತುಹಾಕಿ.

4. ಕನ್ನಡದ ಓದುಗರಿಗೆ ನಿಜವಾದ ತಲೆನೋವು ಪಿಡಿಎಫ್. ಅಮೆಜಾನ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳನ್ನು ತಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ನಮ್ಮ ಸಂಗ್ರಹದ ತುಂಬ ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಪುಸ್ತಕಗಳ ಸ್ಕ್ಯಾನು, ನುಡಿ–ಬರಹ ತಂತ್ರಾಂಶಗಳ ಕಾಲದ ಪಿಡಿಎಫ್. ಇವನ್ನು ಬಗೆ ನೋಡಿ ಬೇರೆ ಬೇರೆ ಮಾಡಿ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವೇ ಬಂದರೆ ಅದು ಯೂನಿಕೋಡ್. ಇಪಬ್ ಎಂಬ ಇ-ಪುಸ್ತಕದ ಮಾದರಿಗೆ ಬದಲಿಸಲು ಯತ್ನಿಸಬಹುದು. ಸೊಟ್ಟ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ, ನಡುವೆ ಪೌಂಡ್ ಚಿಹ್ನೆ ಬಂದರೆ ನುಡಿ ಫಾಂಟಿನದು. ಯೂನಿಕೋಡಿಗೆ ಬದಲಿಸದೆ ಇಪಬ್ ಮಾಡಿದರೆ ಕಸವೇ ಹೊರಬರುವುದು. ಏನೂ ಕಾಪಿಯಾಗದಿದ್ದರೆ ಬರೀ ಚಿತ್ರ. ಈ ಕೊನೆಯ ಎರಡಕ್ಕೂ ಕೆ2ಪಿಡಿಎಫ್ಆಪ್ಟ್ ಎಂಬ ಉಚಿತ ಸಲಕರಣೆಯಿದೆ. ಅದು ಅಕ್ಷರ ಓದಲು ಹೋಗದೆ, ಪುಟದ ಚಿತ್ರವನ್ನೇ ತುಂಡರಿಸಿ ಪುಟ್ಟ ಪರದೆಗೆ ಹೊಂದಿಸುತ್ತದೆ. ಆದ್ದರಿಂದಲೇ ಒತ್ತಕ್ಷರ ಕೆಡುವುದಿಲ್ಲ. ಪಂಜೆ, ಕೈಲಾಸಂ ಅವರಂಥವರ ಕೃತಿಗಳು ಹಕ್ಕುಸ್ವಾಮ್ಯದ ಅವಧಿ, ಅಂದರೆ ಲೇಖಕರು ತೀರಿಕೊಂಡ ಮೇಲಿನ 60 ವರ್ಷ, ದಾಟಿದವು, ಧಾರಾಳವಾಗಿ ಇಳಿಸಿಕೊಳ್ಳಿ. ಅದೇ ಕೃತಿ ವಿಕಿಸೋರ್ಸ್‌ನಲ್ಲಿದ್ದರೆ ಪಿಡಿಎಫ್‌ನ ಗೊಡವೆಯೇ ಬೇಡ, ನೇರ ಇಪಬ್ ಸಿಗುತ್ತದೆ.

5. ಸಾಧನದೊಳಗೆ ಸ್ವಲ್ಪವೇ ಇರಲಿ. ನೂರಾರು ಪುಸ್ತಕ ಒಟ್ಟಿಗೆ ಸುರಿದರೆ ಅದು ಇಂಡೆಕ್ಸ್ ಮಾಡುತ್ತಾ ಕೂತು ಬ್ಯಾಟರಿ ತಿನ್ನುತ್ತದೆ. ‘ಓದುತ್ತಿರುವುದು’, ‘ಮುಂದಿನದು’, ‘ಆಕರ’ ಎಂಬ ಮೂರು ಕಲೆಕ್ಷನ್ ನನಗೆ ಸಾಕು. ಕಲೆಕ್ಷನ್ ಅಳಿಸಿದರೆ ಪುಸ್ತಕ ಅಳಿಯುವುದಿಲ್ಲ, ಹೆದರಬೇಡಿ.

6. ಅಡಿಗೆರೆ ಹಾಕಿದ ಸಾಲುಗಳು, ಟಿಪ್ಪಣಿಗಳು ಕಿಂಡಲ್‌ನ ‘ಮೈ ಕ್ಲಿಪಿಂಗ್ಸ್’ ಎಂಬ ಒಂದೇ ಕಡತದಲ್ಲಿ ಸೇರುತ್ತವೆ. ನಾವೇ ತುಂಬಿದ ಪುಸ್ತಕಗಳ ಮಟ್ಟಿಗೆ ಬೇರೆಲ್ಲೋ ಅದರ ನಕಲಿದೆ ಎಂದು ನಂಬಿ ಕೂರಬೇಡಿ. ಸಾಧನ ರೀಸೆಟ್ ಆದರೆ ಕಡತವೂ ಹೋಯಿತು. ಕೊಂಡ ಇ-ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಹಾಕಿಕೊಳ್ಳುವ ಸೌಲಭ್ಯವನ್ನೂ ಅಮೆಜಾನ್ 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಆದ್ದರಿಂದ ತಿಂಗಳಿಗೊಮ್ಮೆಯಾದರೂ ‘ಮೈ ಕ್ಲಿಪಿಂಗ್ಸ್’ ಕಡತವನ್ನೂ ಕ್ಯಾಲಿಬರ್ ಫೋಲ್ಡರನ್ನೂ ಬೇರೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಡಿ.