‘ಹಸೀನಾ’ ಸಿನಿಮಾ: ದೀನ್ ಯಾವುದು, ರಿವಾಜ್ ಯಾವುದು?

ಸಿನಿಮಾದಲ್ಲಿ ಮುಸ್ಲಿಂ ಹೆಣ್ಣಿನ ಕಷ್ಟ ಕಾಣಿಸಿದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ‘ಅವರ ಧರ್ಮವೇ ಹಾಗೆ’ ಎನ್ನುತ್ತಾರೆ ಹೊರಗಿನವರು. ‘ನಮ್ಮ ಧರ್ಮಕ್ಕೆ ಅವಮಾನ’ ಎನ್ನುತ್ತಾರೆ ನಮ್ಮವರು. ಸಮಾಜಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಅವಸರದ ಮಾತುಗಳೇ. ಮೊದಲು ಮೂರು ವಿಷಯಗಳನ್ನು ಬೇರೆ ಬೇರೆಯಾಗಿ ನೋಡಬೇಕು: ಧರ್ಮದ ಬೋಧನೆ, ಅದರ ಹೆಸರಿನಲ್ಲಿ ನಡೆಯುವ ಸಂಸ್ಥೆ ಮತ್ತು ಜನರ ರೂಢಿ.

ಇದಕ್ಕೆ ಒಳ್ಳೆಯ ಉದಾಹರಣೆ ಗಿರೀಶ್ ಕಾಸರವಳ್ಳಿ ಅವರ ‘ಹಸೀನಾ’ (2004). ಹಾಸನದ ಲೇಖಕಿ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆ ಇದಕ್ಕೆ ಆಧಾರ. ಹಸೀನಾ ಪಾತ್ರಕ್ಕಾಗಿ ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂತು. ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯೂ ದೊರೆಯಿತು.

ಹಸೀನಾಳ ಗಂಡ ಯಾಕೂಬ್ ಆಟೋ ಚಾಲಕ. ಮನೆಯಲ್ಲಿ ಹೆಣ್ಣುಮಕ್ಕಳೇ ಇದ್ದಾರೆ. ಹುಟ್ಟಲಿರುವ ಮಗುವೂ ಹೆಣ್ಣೆಂದು ತಿಳಿದಾಗ ಅವನು ಹೆಂಡತಿ ಮಕ್ಕಳನ್ನು ಬಿಟ್ಟು ಹೋಗುತ್ತಾನೆ. ಗಂಡುಮಗುವೇ ಬೇಕೆಂಬುದು ರೂಢಿ. ಭಾರತದಲ್ಲಿ ಇದು ಒಂದೇ ಧರ್ಮದವರ ರೂಢಿಯಲ್ಲ. ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. ಆದರೂ ಶಿಕ್ಷೆ ಮಾತ್ರ ತಾಯಿಗೆ!

ಹಸೀನಾ ನ್ಯಾಯ ಕೇಳಿ ಮುತವಲ್ಲಿಯ ಬಳಿಗೆ ಹೋಗುತ್ತಾಳೆ. ಆತ ದಿನ ದೂಡುತ್ತಾನೆ. ಇದು ಸಂಸ್ಥೆ. ತೀರ್ಪು ಕೊಡುವ ಜಾಗದಲ್ಲಿ ಗಂಡಸರೇ ಇದ್ದರೆ ಹೆಣ್ಣಿನ ಅರ್ಜಿ ಹಿಂದೆ ಬೀಳುತ್ತದೆ. ಇದನ್ನೇ ಪಿತೃಪ್ರಧಾನ ವ್ಯವಸ್ಥೆ ಎನ್ನುತ್ತೇವೆ.

ಇನ್ನು ಬೋಧನೆ. ಹೆಣ್ಣುಮಗು ಹುಟ್ಟಿದ ಸುದ್ದಿಗೆ ಮುಖ ಕಪ್ಪಿಡುವವರನ್ನು ಕುರ್‌ಆನಿನ ಸೂರಾ ನಹ್ಲ್ ಖಂಡಿಸುತ್ತದೆ. ಹೆಂಡತಿಯರ ನಡುವೆ ನ್ಯಾಯ ಪಾಲಿಸಲಾಗದೆಂಬ ಭಯವಿದ್ದರೆ ಒಬ್ಬಳೇ ಸಾಕು ಎಂದು ಸೂರಾ ನಿಸಾ ಹೇಳುತ್ತದೆ. ಯಾಕೂಬ್‌ನ ನಡತೆಗೆ ಇಲ್ಲಿ ಆಸರೆ ಸಿಗುವುದಿಲ್ಲ.

ಚಿತ್ರದ ಮುಖ್ಯ ಮಾತು ಇಲ್ಲಿದೆ. ಹಸೀನಾ ಧರ್ಮವನ್ನು ಬಿಟ್ಟು ಹೋಗುವುದಿಲ್ಲ. ಮಕ್ಕಳೊಂದಿಗೆ ಮಸೀದಿಯ ಮುಂದೆಯೇ ಕೂರುತ್ತಾಳೆ. ಅವಳು ಕೇಳುವುದು ಧರ್ಮವೇ ಕೊಟ್ಟ ಹಕ್ಕನ್ನು.

ನಮ್ಮ ಮನೆಯ ಉರ್ದುವಿನಲ್ಲಿ ‘ದೀನ್’ ಬೇರೆ, ‘ರಿವಾಜ್’ ಬೇರೆ. ಅಕ್ಕತಂಗಿಯರ ಓದು, ಮದುವೆಯ ಮಾತು ಬಂದಾಗ ಮಾತ್ರ ಎರಡನ್ನೂ ಬೆರೆಸಿಬಿಡುತ್ತೇವೆ. ಸ್ನೇಹಿತರೇ, ಇನ್ನು ಮುಂದೆ ಯಾವ ಸಿನಿಮಾ ನೋಡಿದರೂ ಮೂರು ಪ್ರಶ್ನೆ ಕೇಳೋಣ: ಇದು ಬೋಧನೆಯೋ, ರೂಢಿಯೋ? ತೀರ್ಪು ಕೊಡುವವರು ಯಾರು? ಹೆಣ್ಣಿಗೆ ಮಾತಾಡಲು ಅವಕಾಶ ಇದೆಯೇ? ಸಿನಿಮಾ ಮುಗಿದ ಮೇಲೆ ಇದೇ ಪ್ರಶ್ನೆಗಳನ್ನು ನಮ್ಮ ಮನೆಯಲ್ಲೂ ಕೇಳೋಣ.