ಬೇಸ್ ಡ್ರಮ್ಮಿನ ಅಭ್ಯಾಸಕ್ಕೊಂದು ಪ್ಯಾಡು

ಕಳೆದ ವಾರ್ಷಿಕೋತ್ಸವದಲ್ಲಿ ಡ್ರಮ್ ನುಡಿಸುತ್ತಿದ್ದ ನನಗೆ ಕಾಲೇ ಕೈಕೊಟ್ಟಿತು. ಬೇಸ್ ಡ್ರಮ್ಮಿನ ಮೇಲೆ ಒಂದರ ಬೆನ್ನಿಗೊಂದು ಬೀಳಬೇಕಾದ ಎರಡು ಪೆಟ್ಟುಗಳಲ್ಲಿ ಎರಡನೆಯದು ಕೇಳಿಸಲೇ ಇಲ್ಲ. ಮೂರು ತಿಂಗಳು ಅಭ್ಯಾಸ ಮಾಡಿದವನಿಗೆ ಹೀಗೇಕಾಯಿತೆಂದು ವಿಚಾರಮಾಡಲಾಗಿ, ದೋಷವಿದ್ದುದು ಅಭ್ಯಾಸದ ಪ್ಯಾಡಿನಲ್ಲಿ ಎಂದು ತಿಳಿಯಿತು.

೧೯೦೯ರಲ್ಲಿ ಷಿಕಾಗೋವಿನ ಲಡ್ವಿಗ್ ಸಹೋದರರು ವೇಗದ ಪೆಡಲನ್ನು ತಯಾರಿಸತೊಡಗಿದ ಮೇಲೆ ಈ ಡ್ರಮ್ಮು ಹೆಚ್ಚಾಗಿ ಕಾಲಿನ ಪಾಲಿಗೆ ಬಂದಿತು. ಪೆಡಲನ್ನು ತುಳಿದರೆ ಬೀಟರು ಮುಂದಕ್ಕೆ ಹೋಗಿ ಬಡಿದು, ಹಿಂದಕ್ಕೆ ಪುಟಿಯುವುದಷ್ಟೆ. ನನ್ನದು ಗಟ್ಟಿ ರಬ್ಬರಿನ ಪ್ಯಾಡು. ಬೀಟರನ್ನು ತಾನೇ ಹಿಂದಕ್ಕೆ ಎಸೆಯುತ್ತಿತ್ತು. ಅದರ ದುಡಿಮೆಯನ್ನು ನನ್ನ ಕಾಲು ಕುಳಿತು ಉಣ್ಣುತ್ತಿತ್ತು. ನಿಜವಾದ ಡ್ರಮ್ಮಾದರೋ ಸಡಿಲವಾಗಿ ಬಿಗಿದದ್ದು, ಒಳಗೆ ದಿಂಬು ಬೇರೆ. ಅಲ್ಲಿ ಪುಟಿತ ಅಲ್ಪ. ಆದುದರಿಂದ ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿದರೆ ಸಾಲದು. ಪೆಡಲನ್ನೇ ಜೋಡಿಸಿ, ಹಿಮ್ಮಡಿ ಊರಿ ಒಮ್ಮೆ, ಎತ್ತಿ ಒಮ್ಮೆ, ತುಳಿದು ನೋಡತಕ್ಕದ್ದು. ಹಿಮ್ಮಡಿ ಎತ್ತಿದಾಗ ಇಡೀ ಕಾಲಿನ ಭಾರ ಬೀಳುವುದರಿಂದ ಹಗುರವಾದ ಪ್ಯಾಡು ಮುಂದಕ್ಕೆ ಸರಿಯುವುದು. ತಳ ಅಗಲವಾಗಿ, ಭಾರವಾಗಿರಬೇಕು. ಬೀಟರಿನ ತಲೆ ಪ್ಯಾಡಿನ ನಡುವಿಗೆ ತಾಗಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಪ್ಯಾಡಿಗೆ ಸದ್ದಿಲ್ಲವೆಂಬ ಮಾತನ್ನು ಮಾತ್ರ ನಂಬಬೇಡಿ. ಗಾಳಿಯಲ್ಲಿ ಹೋಗುವ ಸದ್ದು ಕಡಿಮೆಯಾದರೂ ಪೆಟ್ಟಿನ ಅದುರು ನೆಲದ ಮೂಲಕ ಕೆಳಮನೆಗೆ ಇಳಿಯುವುದು. ಮನೆಯ ಯಜಮಾನರು ಎರಡು ಬಾರಿ ಮೆಟ್ಟಿಲೇರಿ ಬಂದು, "ಏನಪ್ಪಾ, ಓದಲು ಬಂದೆಯೋ, ಕುಟ್ಟಲು ಬಂದೆಯೋ?" ಎಂದರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೆ. ಆ ಮಾತು ನಾಟಿತು. ಈಗ ನಾಲ್ಕು ಮಡಿಕೆಯ ಕಂಬಳಿ ಹಾಸಿ, ಮೆತ್ತನೆಯ ಫೋಮಿನ ಪ್ಯಾಡಿಟ್ಟು, ಮೆಟ್ರೋನೋಮಿನಲ್ಲಿ ನಿಮಿಷಕ್ಕೆ ೬೦ ಎಣಿಕೆಯಂತೆ, ಸಂಜೆ ಒಂದು ಗಂಟೆ ಮಾತ್ರ ತುಳಿಯುತ್ತೇನೆ. ಎರಡನೆಯ ಪೆಟ್ಟು ಇನ್ನೂ ಸ್ವಲ್ಪ ಮೆತ್ತಗೇ ಬೀಳುತ್ತದೆ.